ಎಂಟು ಹನಿ

ನಳಿಗೆಯ ಗೆರೆಯವರೆಗೆ ತೊಟ್ಟಿಯ ನೀರು.
ಮೊದಲ ಬಾಟಲಿಯಿಂದ ಎಂಟು ಹನಿ,
ಎರಡನೆಯದರಿಂದ ಎಂಟು.
ಮುಚ್ಚಿ, ಅಲುಗಿಸಿ, ಐದು ನಿಮಿಷ ಕಾದರೆ
ನೀರು ತನ್ನ ಗುಟ್ಟು ತಾನೇ ಬಿಡುತ್ತದೆ:
ಹಳದಿಯಾಗಿ ನಿಂತರೆ ಅಮೋನಿಯಾ ಇಲ್ಲ,
ಹಸಿರಿಗೆ ತಿರುಗಿದಷ್ಟೂ ವಿಷ.

ನನಗೆ ಮಾತ್ರ ಹೇಳುವುದಿಲ್ಲ.
ನನ್ನ ಕಣ್ಣಿಗೆ ಹಳದಿ ಹಸಿರು ಅವಳಿ ಮಕ್ಕಳು,
ಹೆತ್ತವಳಿಗಷ್ಟೇ ಗೊತ್ತು ಯಾರು ಯಾರೆಂದು.
ಅಮ್ಮನ ಅಪ್ಪನಿಂದ ಬಂದದ್ದಂತೆ ಇದು.
ಮಲ್ಪೆಯ ಕಡಲಲ್ಲಿ, ಇರುಳು ಎದುರಾದ ದೋಣಿಯ
ಕೆಂಪುದೀಪ ಯಾವುದು ಹಸಿರುದೀಪ ಯಾವುದು ತಿಳಿಯದೆ
ಜೊತೆಯವನ ಭುಜ ತಟ್ಟಿ ಕೇಳುತ್ತಿದ್ದರಂತೆ.
ಅವರು ಮೀನು ಹಿಡಿದವರು. ನಾನು
ದಾದರ್, ಮಾಟುಂಗಾ, ಪರೇಲಿನಲ್ಲಿ
ಹದಿನೇಳು ತೊಟ್ಟಿಗಳ ಮೀನು ಸಾಯದಂತೆ ಕಾಯುವವನು,
ತಿಂಗಳ ಸಂಬಳಕ್ಕೆ.

ಅದಕ್ಕೇ ಕೇಳುತ್ತೇನೆ, ಸಿಕ್ಕವರನ್ನೆಲ್ಲ: ಇದು ಯಾವ ಬಣ್ಣ?
ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಅಂಗಾರಣ್ಣ
ಚಿಲ್ಲರೆ ಎಣಿಸುತ್ತಲೇ ಅನ್ನುತ್ತಾರೆ, ಲಿಂಬೆ ಷರಬತ್ತು.
ಪರೇಲಿನ ವಾಚ್‌ಮನ್ ಟಾರ್ಚು ಬಿಟ್ಟು ನೋಡಿ
ಸಾಸಿವೆ ಹೂ ಎಂದ. ಆಮೇಲೆ
ಅವನೂರಿನ ಹೊಲದ್ದೇ ಮಾತು, ಹದಿನೈದು ನಿಮಿಷ.
ಒಮ್ಮೆ ಹಲ್ಲಿನ ಡಾಕ್ಟರ ಕೋಣೆಯಿಂದ ಹೊರಬಂದವರು,
ಬಾಯೆಲ್ಲ ಜೋಮು, ತುಟಿಯಂಚಿಗೆ ಹತ್ತಿ,
ಮಾತಾಡಲಾರದೆ ಬಣ್ಣದ ಕಾರ್ಡಿನ
ಮೂರನೆಯ ಚೌಕದ ಮೇಲೆ ಬೆರಳಿಟ್ಟರು.
ಅಷ್ಟು ನಿಖರವಾಗಿ ಯಾರೂ ಹೇಳಿದ್ದಿಲ್ಲ.

ನನ್ನ ಡೈರಿಯಲ್ಲಿ ನೀರಿಗಿಂತ ಜನರದ್ದೇ ಲೆಕ್ಕ:
ಲಿಂಬೆ ಷರಬತ್ತು, ಸೊನ್ನೆ.
ಹೆಸರುಬೇಳೆ, ಕಾಲು.
ಮಾವಿನಕಾಯಿ ಅಂದರೆ ಎರಡು, ಕೂಡಲೇ ಅರ್ಧ ತೊಟ್ಟಿ ಖಾಲಿ ಮಾಡು.
ದಾದರಿನ ದಂತವೈದ್ಯರ ಬಾಗಿಲಲ್ಲಿ ಕೂರುವ ಸುಲಭಾ ತಾವಡೆ
ಯಾವತ್ತು ಕೇಳಿದರೂ 'ವರಣ' ಎನ್ನುತ್ತಾಳೆ,
ಅರಿಸಿನದ ತೊವ್ವೆ, ಅವರ ಮನೆಯದು.
ನೋಯುವುದಿಲ್ಲ, ನೋಯುವುದಿಲ್ಲ ಎಂದು
ದಿನವಿಡೀ ಜನರಿಗೆ ಹೇಳಿ ಹೇಳಿ
ಕೆಟ್ಟ ಸುದ್ದಿಯ ರೂಢಿಯೇ ತಪ್ಪಿದ ಹುಡುಗಿ.
ಅವಳ ವರಣಕ್ಕೆ ನಾನೇ ಅರ್ಧ ಸೇರಿಸಿ ಬರೆದುಕೊಳ್ಳುತ್ತೇನೆ.

ಆ ಸೋಮವಾರ ತೊಟ್ಟಿ ಕನ್ನಡಿಯಂತಿತ್ತು.
ಆಚೆ ಕೂತವರ ಚಪ್ಪಲಿಯ ಹೊಲಿಗೆ ಕಾಣುವಷ್ಟು ತಿಳಿ.
ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು,
ಕಿವಿರಿನಂಚು ಕೆಂಪಾಗಿತ್ತು
(ಸುಲಭಾ ಹೇಳಿದ್ದು).
ಎಂಟು ಹನಿ. ಎಂಟು ಹನಿ.
ನಳಿಗೆಯನ್ನು ಟ್ಯೂಬ್‌ಲೈಟಿಗೆ ಹಿಡಿದಳು.
ಇಳಿಸಿದಳು. ಮತ್ತೆ ಹಿಡಿದಳು.
'ಹಸಿರು' ಅಂದಳು.
ನಾನು ಏನೂ ಸೇರಿಸಲಿಲ್ಲ.

ಶನಿವಾರ ತೊಳೆದಿದ್ದಳಂತೆ, ವಾಸನೆಯೆಂದು,
ಫಿಲ್ಟರಿನ ಸ್ಪಂಜು, ನಲ್ಲಿಯ ಕೆಳಗೆ,
ಹಿಂಡಿ ಹಿಂಡಿ, ಹೊಸದರಂತೆ ಆಗುವವರೆಗೆ.
ಬೈಯಲು ಬಾಯಿ ಬರಲಿಲ್ಲ.
ಆ ಲೋಳೆಯೊಳಗೆ ಕಣ್ಣಿಗೆ ಕಾಣದ ಕೋಟಿ ಬಾಯಿಗಳು
ಮೀನಿನ ಉಚ್ಚೆಯನ್ನೇ ಉಂಡು ಬದುಕಿದ್ದವು ಎಂದು
ಯಾರು ತಾನೇ ಅವಳಿಗೆ ಹೇಳಿದ್ದರು?
ನಾನೂ ಹೇಳಿರಲಿಲ್ಲ.

ಅರ್ಧ ನೀರು ಬದಲಿಸಿ ಮಾಟುಂಗಾಕ್ಕೆ ಓಡಿದೆ.
ಮೂರು ವರ್ಷದ ಹಳೆಯ ಸ್ಪಂಜು, ಅರ್ಧ ಕೊಡಿ ಅಂಗಾರಣ್ಣ.
'ಕೊಳೆಯನ್ನೂ ಕಡ ಕೇಳುವ ಕಾಲ ಬಂತಾ ಮಾರಾಯ?'
ಅಂದವರೇ ಕತ್ತರಿ ತಂದರು.
ಲೋಕಲ್ಲಿನಲ್ಲಿ ಒಂದೇ ಸ್ಟೇಷನ್ನು. ತೊಟ್ಟಿಕ್ಕುವ ಪ್ಲಾಸ್ಟಿಕ್ ಚೀಲವನ್ನು
ಎದೆಗೆ ಅವುಚಿಕೊಂಡು ನಿಂತೆ.
ಪಕ್ಕದವನು ಮೂಗು ಮುಚ್ಚಿ, ಏನದು ಅಂದ.
ಜೀವ ಇದೆ, ಒತ್ತಬೇಡಿ, ಅಂದೆ.

ಎರಡು ಸತ್ತವು. ಅವಳೇ
ಹಲ್ಲಿಗಿಡುವ ಹತ್ತಿಯಲ್ಲಿ ಸುತ್ತಿ
ಬಾಗಿಲ ಬಳಿಯ ಮನಿಪ್ಲಾಂಟಿನ ಕುಂಡದಲ್ಲಿ ಹೂತಳು.
ಬಾಟಲಿಗಳನ್ನು ಅವಳ ಮೇಜಿನಲ್ಲೇ ಬಿಟ್ಟು ಬಂದೆ.

ದಿನಾ ಬೆಳಿಗ್ಗೆ ಒಂಬತ್ತಕ್ಕೆ ಮೆಸೇಜು:
ಮಾವಿನಕಾಯಿ.
ಮಾವಿನಕಾಯಿ.
ನಡುವೆ ಭಾನುವಾರ, ರಜೆ. ಆದರೂ ಬಂತು:
ಮಾವಿನಕಾಯಿ, ಸ್ವಲ್ಪ ಹಣ್ಣಾದ ಹಾಗಿದೆ.
ಮತ್ತೆ ಮೂರು ದಿನ ಹೆಸರುಬೇಳೆ.

ಹನ್ನೊಂದನೆಯ ದಿನ ಪರೇಲಿನ ಮೆಟ್ಟಿಲಿಳಿಯುವಾಗ
ಕಿಸೆಯೊಳಗೆ ಫೋನು ನಡುಗಿತು:
'ವರಣ.
ಈ ಸಲ ಅರ್ಧ ಸೇರಿಸಬೇಡಿ.'